ಅಗ್ರಹಾರದಲ್ಲಿ ಚಾಕ್ರಿ

ಮೈಸೂರಿನ ಆಟೋದವರಿಗೆ "ಅಗ್ರಹಾರ" ಅಂದರೆ ಸಾಕು, "ನೂರೊಂದು ಗಣಪತಿ ಹತ್ರಾನಾ?" ಅಂತ ತಾವೇ ಕೇಳ್ತಾರೆ. ಒಂದೇ ಗುಡಿಯಲ್ಲಿ ನೂರೊಂದು ಗಣಪತಿಗಳು ಸಾಲಾಗಿ ಕೂತಿರುವ ಆ ವೃತ್ತವೇ ನಮ್ಮ ಬಡಾವಣೆಗೆ ಗುರುತು. ಅಲ್ಲಿಂದ ಒಂದು ದಿಕ್ಕಿಗೆ ಹೋದರೆ ವಾಣಿವಿಲಾಸ ಮಾರುಕಟ್ಟೆ, ಇನ್ನೊಂದು ದಿಕ್ಕಿಗೆ ರಾಮಾನುಜ ರಸ್ತೆ. ಮಳೆ ಬಂದು ನಿಂತ ದಿನ ಮಹಡಿ ಹತ್ತಿದರೆ ಚಾಮುಂಡಿಬೆಟ್ಟ ತೊಳೆದಿಟ್ಟ ಹಾಗೆ ಕಾಣಿಸುತ್ತೆ. ಹಿಂದೆ ರಾಜರು ಬ್ರಾಹ್ಮಣರಿಗೆ ದಾನವಾಗಿ ಕೊಡುತ್ತಿದ್ದ ವಸತಿಗೆ ಅಗ್ರಹಾರ ಅಂತ ಹೆಸರು. ಈಗ ಇಲ್ಲಿ ಎಲ್ಲ ತರಹದ ಜನ ಇದ್ದಾರೆ. ಜಗಲಿ, ಹಜಾರ, ನಡುಮನೆ ಇದ್ದ ಎಷ್ಟೋ ಮನೆಗಳು ಬಿದ್ದು ಅಪಾರ್ಟ್‌ಮೆಂಟ್ ಎದ್ದಿವೆ. ಆದರೂ ಬೆಳಿಗ್ಗೆ ಐದೂವರೆಗೆ ರಂಗೋಲಿ ಬೀಳುತ್ತೆ, ಆರು ಗಂಟೆಗೆ ಕಾಫಿ ಡಿಕಾಕ್ಷನ್ ವಾಸನೆ ಬೀದಿಗೆ ಬರುತ್ತೆ.

ನಮ್ಮದು ಜಗಲಿ ಉಳಿಸಿಕೊಂಡಿರುವ ಮನೆಗಳಲ್ಲಿ ಒಂದು. ಮಹಡಿಯ ಮೇಲೆ ಒಂದು ರೂಮು, ಪುಟ್ಟ ಅಡುಗೆಮನೆ ಇದೆ. ಅದನ್ನು ಬಾಡಿಗೆಗೆ ಕೊಡುತ್ತೇವೆ.

ಎರಡು ವರ್ಷದ ಹಿಂದೆ ಜೇಷ್ಠ ಮಾಸದಲ್ಲಿ ಆ ರೂಮು ಖಾಲಿಯಾಯಿತು. ಬೋರ್ಡು ಹಾಕಿದ ಮೂರನೇ ದಿನ ಒಂದು ಫೋನು ಬಂತು. ಹೆಣ್ಣುದನಿ, ಇಂಗ್ಲಿಷು. ಮಾನಸಗಂಗೋತ್ರಿಯಲ್ಲಿ ಸಂಶೋಧನೆ ಮಾಡ್ತಿದೀನಿ, ಸೆನೆಗಲ್ ದೇಶದವಳು ಅಂದಳು. ನಾನು ಒಂದು ಕ್ಷಣ ಸುಮ್ಮನಿದ್ದೆ. ಅತ್ತೆಯವರು ಏನಂತಾರೋ, ಪಕ್ಕದವರು ಏನಂತಾರೋ ಅಂತ ತಲೆಯಲ್ಲಿ ಓಡಿತು. "ಸಾರಿ, ಮನೆ ಹೋಯ್ತು" ಅಂದುಬಿಟ್ಟೆ. ಮನೆ ಹೋಗಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತೆ.

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ನಮ್ಮ ಕಡೆ ಯಾರೂ ಮನೆ ಬದಲಾಯಿಸೋಲ್ಲ. ಬೋರ್ಡು ಗೇಟಿನಲ್ಲೇ ತೂಗಾಡುತ್ತಿತ್ತು. ಒಂದು ಸಂಜೆ ಗೇಟಿನ ಸದ್ದಾಯಿತು. ಎತ್ತರದ ಹುಡುಗಿ, ತಲೆಗೆ ಹಳದಿ ಬಟ್ಟೆ ಸುತ್ತಿದ್ದಾಳೆ. ಜಗಲಿಯ ಮೇಲೆ ಬತ್ತಿ ಹೊಸೆಯುತ್ತಿದ್ದ ಅತ್ತೆಗೆ "ನಮಸ್ಕಾರ ಅಜ್ಜಿ" ಅಂದಳು. ನನ್ನ ಕಡೆ ತಿರುಗಿ, "ಆಂಟಿ, ಮನೆ ಮತ್ತೆ ಖಾಲಿ ಆಯ್ತಾ?" ಅಂತ ನಗುತ್ತಾ ಕೇಳಿದಳು. ಆ "ಮತ್ತೆ" ಅನ್ನೋ ಮಾತು ನನ್ನ ಎದೆಗೆ ನಾಟಿತು. ಈ ಸಲ ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಮನೆಯಲ್ಲಿ ಮಾಂಸ ಬೇಯಿಸಬಾರದು ಅಂತ ಒಂದು ಷರತ್ತು ಹಾಕಿದೆವು, ಒಪ್ಪಿಕೊಂಡಳು. ಅತ್ತೆ ಮಾತ್ರ, "ಆಷಾಢದಲ್ಲಿ ಯಾರಾದ್ರೂ ಮನೆಗೆ ಬರ್ತಾರೇನೇ?" ಅಂತ ಗೊಣಗಿದರು. ಅವರ ತಕರಾರು ಅಷ್ಟೇ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ನಮ್ಮತ್ತೆಗೆ ಎಂಬತ್ತಮೂರು. ಮಡಿ ಈಗ ಮೊದಲಿನಷ್ಟಿಲ್ಲ, ಆದರೆ ಊಟದ ವಿಷಯದಲ್ಲಿ ಬಿಟ್ಟಿಲ್ಲ. ಹೊರಗಿನವರು ಕೊಟ್ಟ ಹಣ್ಣು, ಹಾಲು ಆಗುತ್ತೆ. ತುಪ್ಪದಲ್ಲಿ ಕರಿದದ್ದೂ ಆಗಬಹುದು. ನೀರು ಮುಟ್ಟಿಸಿ ಬೇಯಿಸಿದ್ದೆಲ್ಲ ಮುಸುರೆ, ಅದನ್ನು ಮನೆಯವರು ಮಾಡಿದರೆ ಮಾತ್ರ ತಿನ್ನೋದು. ಅಡುಗೆಮನೆ ಹೊಸಿಲು ದಾಟಿ ಹೊರಗಿನವರು ಒಳಗೆ ಬರೋ ಹಾಗಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಈ ನಿಯಮ ಹೀಗೇ ಇದೆ.

ಆ ವರ್ಷ ನವರಾತ್ರಿಯಲ್ಲಿ ಗೊಂಬೆ ನೋಡಲು ಹುಡುಗಿ ಕೆಳಗೆ ಬಂದಳು. ಶುಕ್ರವಾರ, ನಮ್ಮಲ್ಲಿ ಪುಟ್ಟು ಮಾಡುವ ದಿನ. ಅಕ್ಕಿಹಿಟ್ಟು ಹುರಿದು, ಅರಿಶಿನ ಉಪ್ಪಿನ ನೀರು ಚಿಮುಕಿಸಿ, ಹಿಡಿದರೆ ಮುದ್ದೆ ಬಿಟ್ಟರೆ ಪುಡಿ ಅನ್ನೋ ಹದಕ್ಕೆ ಉದುರಿಸಿ, ಹಬೆಯಲ್ಲಿ ಬೇಯಿಸಿ, ಬೆಲ್ಲದ ಪಾಕಕ್ಕೆ ಹಾಕುತ್ತೇವಲ್ಲ, ಅದೇ. ದೊನ್ನೆಯಲ್ಲಿ ಕೊಟ್ಟೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡವಳು ಕಣ್ಣು ಅರಳಿಸಿ, "ಇದನ್ನ ನಮ್ಮಮ್ಮನೂ ಮಾಡ್ತಾಳೆ. ಆದ್ರೆ ಅಕ್ಕೀಲಿ ಅಲ್ಲ" ಅಂದಳು.

ಅಲ್ಲಿಂದ ಸುಮಾರು ಮೂರು ತಿಂಗಳು ಕಳೆಯಿತು. ಸಂಕ್ರಾಂತಿಗೆ ಎಳ್ಳು ಬೀರಿದಾಗ ಅವಳಿಗೂ ಒಂದು ಪೊಟ್ಟಣ, ಕಬ್ಬು, ಸಕ್ಕರೆ ಅಚ್ಚು ಕೊಟ್ಟೆ. ಮನೆಮನೆಗೆ ಯಾಕೆ ಹಂಚ್ತೀರಿ ಅಂತ ಕೇಳಿದಳು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅಂತ, ಅಂದೆ. ಅವರ ಕಡೆಯೂ ಅಂಥದ್ದೊಂದು ಇದೆಯಂತೆ. ಸೆನೆಗಲ್‌ನಲ್ಲಿ ಮುಸ್ಲಿಮರೇ ಹೆಚ್ಚು, ಕ್ರೈಸ್ತರು ಕಡಿಮೆ. ಗುಡ್‌ಫ್ರೈಡೇ ದಿನ ಕ್ರೈಸ್ತರು ಸಜ್ಜೆ, ಕಡಲೆಕಾಯಿ, ಬಾವೊಬಾಬ್ ಮರದ ಹಣ್ಣು ಸೇರಿಸಿ ನ್ಗಲಾಖ್ ಅನ್ನೋ ಸಿಹಿ ಮಾಡಿ ಮುಸ್ಲಿಂ ನೆರೆಹೊರೆಗೆ ಹಂಚುತ್ತಾರೆ. ನಮ್ಮ ಸವಣೂರಿನಲ್ಲಿ ದೊಡ್ಡಹುಣಸೆ ಅಂತ ಕರೆಯುವ ಬೃಹತ್ ಮರಗಳಿವೆಯಲ್ಲ, ಅದೇ ಬಾವೊಬಾಬ್. "ನಮ್ಮ ಮನೆಗೆ ಪಕ್ಕದ ಮನೆಯಿಂದ ಬಕೆಟ್‌ನಲ್ಲಿ ಬರ್ತಿತ್ತು ಆಂಟಿ" ಅಂದಳು.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಇಳಿದು ಬಂದಳು. ಏನೋ ಕೆಟ್ಟ ಸುದ್ದಿ ಅಂತ ನನಗೆ ಗಾಬರಿ. ಅವಳ ಅಕ್ಕನಿಗೆ ಹೆಣ್ಣುಮಗು ಹುಟ್ಟಿತ್ತು. ಎಂಟನೇ ದಿನ ಅಲ್ಲಿ ನಾಮಕರಣ. ಆ ಬೆಳಿಗ್ಗೆ ಬಂದವರಿಗೆಲ್ಲ ಲಾಖ್ ಅನ್ನೋ ಸಜ್ಜೆಯ ಗಂಜಿಯ ಮೇಲೆ ಸಿಹಿ ಮೊಸರು ಸುರಿದು ಕೊಡುತ್ತಾರಂತೆ. ಮನೆಯ ಮೊದಲ ಮೊಮ್ಮಗು, ತಾನು ಮಾತ್ರ ಇಲ್ಲಿ. "ಆ ದಿನ ಇಲ್ಲೇ ಏನಾದ್ರೂ ಮಾಡಿ ನಿಮಗೆಲ್ಲ ಕೊಡ್ತೀನಿ ಆಂಟಿ. ಲಾಖ್ ಬೇಡ, ಚಾಕ್ರಿ ಮಾಡ್ತೀನಿ. ಅದು ತಣ್ಣಗೆ ತಿನ್ನೋದು, ಮೈಸೂರಿನ ಬಿಸಿಲಿಗೆ ಸರಿ."

ಒಳಗಿದ್ದ ಅತ್ತೆ ಕಿವಿ ನಿಮಿರಿಸಿ, "ಏನಂತೆ? ಚಾಕರಿನಾ? ಅದನ್ನ ನಾನು ಅರವತ್ತು ವರ್ಷದಿಂದ ಮಾಡ್ತಾನೇ ಇದ್ದೀನಲ್ಲ!" ಅಂದರು. ನಾನು ನಕ್ಕು ಅವಳಿಗೆ ಅರ್ಥ ಹೇಳಿದೆ. ಅವಳೂ ಕಣ್ಣೊರೆಸಿಕೊಂಡು ನಕ್ಕಳು.

ಚಾಕ್ರಿ ಅಂದರೆ ಸಜ್ಜೆಹಿಟ್ಟನ್ನು ಸಣ್ಣ ಕಾಳುಗಳಾಗಿ ಉರುಟಿ, ಹಬೆಯಲ್ಲಿ ಬೇಯಿಸಿ, ಆರಿಸಿ, ಗಟ್ಟಿ ಮೊಸರು, ಸಕ್ಕರೆ, ಜಾಯಿಕಾಯಿ ಹಾಕಿ ಕಲಸಿದ ಸಿಹಿ. ಸೆನೆಗಲ್, ಗ್ಯಾಂಬಿಯಾದಲ್ಲಿ ಚಾಕ್ರಿ, ಮಾಲಿ, ಐವರಿಕೋಸ್ಟ್ ಕಡೆ ದೆಗೆ. ನಮ್ಮ ಮೊಸರನ್ನ ಸಿಹಿಯಾಗಿ ಪಾಯಸದ ಜೊತೆ ನೆಂಟಸ್ತನ ಬೆಳೆಸಿದರೆ ಹೇಗಿರುತ್ತೋ ಹಾಗೆ.

ಸಜ್ಜೆ ಹುಡುಕಿಕೊಂಡು ಇಬ್ಬರೂ ಹೊರಟೆವು. ನಮ್ಮ ಮನೆಯಲ್ಲಿ ರಾಗಿ ಉಂಟು, ಜೋಳ ಅಪರೂಪ, ಸಜ್ಜೆ ಬಂದದ್ದೇ ಇಲ್ಲ. ಅದು ರಾಯಚೂರು, ಕೊಪ್ಪಳ, ವಿಜಯಪುರದ ಕಡೆಯ ಧಾನ್ಯ. ಅಲ್ಲಿ ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಆಗಲೇಬೇಕು. ವಾಣಿವಿಲಾಸ ಮಾರುಕಟ್ಟೆಯಲ್ಲಿ ಕೇಳಿದೆವು. ಸಿರಿಧಾನ್ಯ ಅಂದರೆ ನವಣೆ, ಸಾಮೆ ತೋರಿಸಿದರು. ಕೊನೆಗೆ ಸಂತೇಪೇಟೆಯ ಧಾನ್ಯದಂಗಡಿಯಲ್ಲಿ ಮೂಟೆಯಲ್ಲಿ ಸಿಕ್ಕಿತು. ಅವಳು ಬೊಗಸೆಯಲ್ಲಿ ತುಂಬಿಕೊಂಡು ಮೂಸಿ ನೋಡಿದಳು. ಬೂದು ಹಸಿರು ಬಣ್ಣದ ಸಣ್ಣ ಕಾಳು. "ಕಾವ್‌ಲಾಕ್" ಅಂದಳು. ಅದು ಅವಳ ಊರ ಹೆಸರು. ಕಡಲೆಕಾಯಿ, ಸಜ್ಜೆ ಬೆಳೆಯೋ ಸೀಮೆ.

ಅಂಗಡಿಯವರು ಸುಮ್ಮನಿರಲಾರದೆ, "ಏನಮ್ಮಾ, ನಮ್ಮ ಸಜ್ಜೆ ಅವರಿಗೆ ಗೊತ್ತಾ?" ಅಂತ ಕೇಳಿದರು. ಅವಳು ನನಗೆ ಹೇಳಿದ್ದನ್ನು ನಾನು ಅವರಿಗೆ ಹೇಳಿದೆ: ಸಜ್ಜೆ ಮೂಲದಲ್ಲಿ ಅವರ ಕಡೆಯದೇ. ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿ, ಈಗಿನ ಮಾಲಿ ದೇಶದ ಸುತ್ತಮುತ್ತ, ಸುಮಾರು 4,500 ವರ್ಷದ ಹಿಂದೆ ಕಾಡುಹುಲ್ಲನ್ನು ಪಳಗಿಸಿ ಬೆಳೆ ಮಾಡಿಕೊಂಡ ಜನ ಅವರು. ಅಲ್ಲಿಂದ ಹಡಗು ದಾಟಿ ಈ ಕಡೆ ಬಂತು. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಯ ಹಳ್ಳೂರಿನ ಅಗೆತದಲ್ಲಿ 3,000 ವರ್ಷಕ್ಕೂ ಹಳೆಯ ಸಜ್ಜೆಯ ಕರಕು ಕಾಳು ಸಿಕ್ಕಿದೆ. ಆಮೇಲೆ ನಾನು ಪುಸ್ತಕಗಳಲ್ಲಿ ಹುಡುಕಿ ಓದಿದೆ, ನಿಜವೇ.

ಓದುತ್ತಾ ಹೋದ ಹಾಗೆ ನಮ್ಮ ಅಡುಗೆಮನೆಯ ಡಬ್ಬಿಗಳನ್ನು ನೋಡಿ ನನಗೇ ಬೆರಗಾಯಿತು. ರಾಗಿ ಪೂರ್ವ ಆಫ್ರಿಕದ ಎತ್ತರದ ನಾಡಿನಿಂದ ಬಂದದ್ದು. ಜೋಳವೂ ಆಫ್ರಿಕದ್ದು. ಅಲಸಂದೆ ಪಶ್ಚಿಮ ಆಫ್ರಿಕದ್ದು. ಕಾಫಿ ಇಥಿಯೋಪಿಯಾದ ಕಾಡಿನದು, ಅರಬ್ಬರ ಕೈ ದಾಟಿ ಬಾಬಾಬುಡನ್ ಗಿರಿಗೆ ಬಂತು. ಹುಣಸೆಯೂ ಆಫ್ರಿಕದ ಮರವೇ. ಅದು ಇಲ್ಲಿ ಎಷ್ಟು ಬೇರು ಬಿಟ್ಟಿತೆಂದರೆ, ಅರಬ್ಬರು ಅದನ್ನು "ಹಿಂದೂದೇಶದ ಖರ್ಜೂರ" ಅಂತ ಕರೆದರು, ಆ ಹೆಸರೇ ಇಂಗ್ಲಿಷಿಗೆ ಹೋಯಿತು. ಹುಣಸೆ ಇಲ್ಲದೆ ಸಾರುಂಟೇ? ಹುಳಿಯುಂಟೇ? ಪುಳಿಯೋಗರೆ ಇಲ್ಲದ ಮೇಲುಕೋಟೆಯುಂಟೇ? ನಮ್ಮಿಂದ ಅತ್ತ ಹೋದದ್ದೂ ಇದೆ. ಎಳ್ಳು ನಮ್ಮ ನೆಲದಲ್ಲೇ ಮೊದಲು ಬೆಳೆಯಾದದ್ದು, ಈಗ ಆಫ್ರಿಕದ ತುಂಬ ಇದೆ. ಕಾಳುಗಳು ಯಾರ ಅಪ್ಪಣೆಯೂ ಕೇಳದೆ ಹೊಸಿಲು ದಾಟಿ ಬಂದು ಕೂತಿವೆ. ತಡೆದು ನಿಲ್ಲಿಸಿದ್ದು ನಾವು ಮನುಷ್ಯರನ್ನು ಮಾತ್ರ.

ಸಜ್ಜೆ ತೊಳೆದು, ಒಂದು ದಿನ ಬಿಸಿಲಿಗೆ ಹಾಕಿ, ಮಿಲ್ಲಿಗೆ ಒಯ್ದೆವು. ಮಿಲ್ಲಿನವರು ರಾಗಿ ಬೀಸಿದ ಮೇಲೆ ಹಾಕ್ತೀನಿ ಅಂತ ಕಾಯಿಸಿದರು. ಬೆಂಚಿನ ಮೇಲೆ ಕೂತಿದ್ದಾಗ ಅವಳು ತಮ್ಮ ವೊಲೊಫ್ ಭಾಷೆಯಲ್ಲಿ "ತೆರಂಗ" ಅನ್ನೋ ಮಾತಿದೆ, ಬಂದವರನ್ನು ಆದರಿಸೋದು ಅಂತ ಅರ್ಥ, ನಮ್ಮ ದೇಶದವರಿಗೆ ಅದೇ ದೊಡ್ಡ ಹೆಮ್ಮೆ ಅಂತ ಹೇಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ನೋಡು, ಅವತ್ತು ಫೋನಿನಲ್ಲಿ ಮನೆ ಹೋಯ್ತು ಅಂತ ನಿನಗೆ ಸುಳ್ಳು ಹೇಳಿದೆ" ಅಂದೆ.

"ಗೊತ್ತು ಆಂಟಿ. ಬೋರ್ಡ್ ಇತ್ತಲ್ಲ" ಅಂದಳು. ಸ್ವಲ್ಪ ಹೊತ್ತು ಮಿಲ್ಲಿನ ಸದ್ದು ಬಿಟ್ಟರೆ ಬೇರೇನಿಲ್ಲ. ಆಮೇಲೆ ತಾನೇ ಹೇಳಿದಳು: "ಸುಮಾರು ಜನ ಹಾಗೇ ಹೇಳಿದ್ರು. ಎರಡನೇ ಸಲ ಕೇಳೋಕೆ ಹೋಗಿದ್ದು ನಿಮ್ಮನೆ ಒಂದಕ್ಕೇ. ಜಗಲಿ ಮೇಲೆ ಅಜ್ಜಿ ಕೂತಿದ್ರಲ್ಲ, ನಮ್ಮಜ್ಜಿ ಥರ ಕಂಡ್ರು."

ನಾಮಕರಣದ ದಿನ ಬಂತು. ಮಹಡಿಯ ಅಡುಗೆಮನೆಯಲ್ಲಿ ಹಬೆಯ ಪಾತ್ರೆ ಇಲ್ಲ. ಕೆಳಗೆ ನಮ್ಮ ದೊಡ್ಡ ಇಡ್ಲಿಪಾತ್ರೆ ಇದೆ. ಅದನ್ನು ಮೇಲಕ್ಕೆ ಕೊಡೋಣ ಅಂತಿದ್ದೆ. ಅತ್ತೆಯೇ ಒಂದು ದಾರಿ ಹುಡುಕಿದರು. "ಅವಳು ಹೊರಗೆ ಕೂತು ಹೇಳಲಿ. ನಾನು ಮಾಡ್ತೀನಿ. ಪುಟ್ಟು ಮಾಡಿದವಳಿಗೆ ಇದೇನು ಮಹಾ!" ಅವರೇ ಮಾಡಿದರೆ ಅದು ಮುಸುರೆಯಾದರೂ ಮನೆಯದ್ದೇ ಆಗುತ್ತಲ್ಲ. ಲೆಕ್ಕ ನನಗೆ ತಿಳಿಯಿತು. ಅವಳಿಗೆ ತಿಳಿಯಿತೋ ಇಲ್ಲವೋ, ಹೊಸಿಲಾಚೆ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

ಅತ್ತೆ ಮಣೆಯ ಮೇಲೆ ಕೂತು ಹರಿವಾಣದಲ್ಲಿ ಹಿಟ್ಟು ಹರಡಿದರು. ನೀರು ಚಿಮುಕಿಸಿದರು. ನಾನು ನಡುವೆ ನಿಂತು ಆ ಕಡೆಯ ಮಾತನ್ನು ಈ ಕಡೆ ಹೇಳುತ್ತಿದ್ದೆ. ಆದರೆ ಸಜ್ಜೆ ಅಕ್ಕಿಯಲ್ಲ. ಹುರಿದ ಅಕ್ಕಿಹಿಟ್ಟು ಎಷ್ಟು ನೀರಾದರೂ ಕುಡಿಯುತ್ತೆ, ಸಜ್ಜೆ ಹಿಟ್ಟು ಬೇಗ ಅಂಟುತ್ತೆ. ಅತ್ತೆ ಪುಟ್ಟಿನ ಅಭ್ಯಾಸದಲ್ಲಿ ಮತ್ತೊಂದು ಸಲ ನೀರು ಹಾಕಿದರು. ಹಿಟ್ಟು ಉಂಡೆ ಉಂಡೆಯಾಯಿತು. "ಅಜ್ಜಿ, ನೀರು ಸಾಕು!" ಅಂತ ಹುಡುಗಿ ಕೂಗಿದಳು. ಅತ್ತೆಗೆ ಕೇಳಿಸಿತೋ ಇಲ್ಲವೋ, ಕೈ ಮತ್ತೆ ಚೊಂಬಿಗೆ ಹೋಯಿತು.

ಅವಳು ಎದ್ದು ಹೊಸಿಲು ದಾಟಿ ಒಳಗೆ ಬಂದು, ಅತ್ತೆಯ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಹರಿವಾಣಕ್ಕೆ ಎರಡೂ ಕೈ ಹಾಕಿಬಿಟ್ಟಳು.

ನಾನು ನಿಂತಲ್ಲೇ ನಿಂತೆ. ಅತ್ತೆಯ ಕೈಯೂ ನಿಂತಿತು. ಹುಡುಗಿಗೆ ತಾನು ಏನು ಮಾಡಿದೆ ಅಂತ ಗೊತ್ತೇ ಇರಲಿಲ್ಲ. ಒಂದು ಹಿಡಿ ಒಣಹಿಟ್ಟು ಸುರಿದು, ಅಂಗೈ ಬಿಚ್ಚಿ, ಬೆರಳ ತುದಿಯಲ್ಲಿ ಹಿಟ್ಟನ್ನು ಸುತ್ತ ಸುತ್ತ ತಿರುಗಿಸುತ್ತಿದ್ದಳು. ಉಂಡೆಗಳು ಒಡೆದು ಸಾಸಿವೆಗಿಂತ ಸ್ವಲ್ಪ ದಪ್ಪ ಕಾಳುಗಳಾಗಿ ಉದುರತೊಡಗಿದವು. ಅತ್ತೆ ಆ ಕೈಗಳನ್ನೇ ನೋಡುತ್ತಿದ್ದರು. ಎಷ್ಟು ಹೊತ್ತೋ. ಆಮೇಲೆ ನನಗಲ್ಲ, ನೇರ ಅವಳಿಗೇ ಕನ್ನಡದಲ್ಲಿ ಹೇಳಿದರು: "ಬಳೆ ಮೇಲಕ್ಕೆ ಸರಿಸ್ಕೊಳೇ ಮಗು, ಹಿಟ್ಟು ಮೆತ್ತುತ್ತೆ."

ಅದನ್ನು ನಾನು ಅನುವಾದ ಮಾಡಬೇಕಾಗಲಿಲ್ಲ. ಅವಳು ಬಳೆ ಸರಿಸಿಕೊಂಡಳು. ಒಂದೇ ಹರಿವಾಣದಲ್ಲಿ ನಾಲ್ಕು ಕೈ ಆಡಿದವು.

ಚಾಕ್ರಿ ತಣ್ಣಗಾಗುವ ಹೊತ್ತಿಗೆ ಮಧ್ಯಾಹ್ನ. ವಿಡಿಯೋ ಕರೆಯಲ್ಲಿ ಕಾವ್‌ಲಾಕ್‌ನ ಮನೆ ಕಾಣಿಸಿತು. ಅಲ್ಲಿ ಬೆಳಿಗ್ಗೆ, ಅಂಗಳದ ತುಂಬ ಜನ, ಬಿಳಿಬಟ್ಟೆಯಲ್ಲಿ ಸುತ್ತಿದ ಮಗು. ಅತ್ತೆ ಫೋನಿನ ಹತ್ತಿರ ಮುಖ ಒಯ್ದು, "ದೀರ್ಘಾಯುಷ್ಮತೀ ಭವ" ಅಂತ ಗಟ್ಟಿಯಾಗಿ ಹರಸಿದರು. ಆ ಕಡೆಯವರೆಲ್ಲ ನಕ್ಕು ಕೈಬೀಸಿದರು. ಅಕ್ಕಪಕ್ಕದ ನಾಲ್ಕು ಮನೆಗೆ ಬಟ್ಟಲಲ್ಲಿ ಕೊಟ್ಟು ಬಂದೆವು. ಮೂರು ಮನೆಯವರು ರುಚಿ ನೋಡಿ ಹೇಗೆ ಮಾಡೋದು ಅಂತ ಕೇಳಿದರು. ಒಂದು ಮನೆಯ ಬಟ್ಟಲು ಹಾಗೇ ವಾಪಸು ಬಂತು. ಅದನ್ನೂ ಬರೆಯಬೇಕು.

ಅತ್ತೆ ತಮ್ಮ ಬೆಳ್ಳಿಬಟ್ಟಲಲ್ಲಿ ಹಾಕಿಸಿಕೊಂಡು, "ಈಗ ಬೇಡ, ಆಮೇಲೆ ನೋಡ್ತೀನಿ" ಅಂತ ಒಳಗೆ ತೆಗೆದುಕೊಂಡು ಹೋದರು. ನಾನೂ ಒತ್ತಾಯ ಮಾಡಲಿಲ್ಲ, ಆಮೇಲೆ ಕೇಳಲೂ ಇಲ್ಲ. ಮಾರನೇ ದಿನ ಕಾಫಿ ಕುಡಿಯುತ್ತಾ ತಾವೇ ಅಂದರು: "ಆ ಹುಡುಗಿ ಸಕ್ಕರೆ ಸ್ವಲ್ಪ ಜಾಸ್ತಿ ಹಾಕ್ತಾಳೆ ಕಣೇ."

ಮಾಡಿ ನೋಡುವವರಿಗೆ ಅಳತೆ ಕೊಡುತ್ತೇನೆ, ಸಕ್ಕರೆ ನಮ್ಮತ್ತೆಯ ತಿದ್ದುಪಡಿಯಂತೆ. ಆರು ಜನಕ್ಕೆ ಸಾಕು. ಸಜ್ಜೆಹಿಟ್ಟು 2 ಲೋಟ, ಗಟ್ಟಿ ಸಿಹಿಮೊಸರು 3 ಲೋಟ, ಕಾಯಿಸಿ ಆರಿಸಿದ ಹಾಲು 1 ಲೋಟ, ಸಕ್ಕರೆ ಅರ್ಧ ಲೋಟ, ತುಪ್ಪ 1 ಚಮಚ, ಜಾಯಿಕಾಯಿ ಪುಡಿ ಕಾಲು ಚಮಚ, ಒಂದು ಹಿಡಿ ಒಣದ್ರಾಕ್ಷಿ, ಚಿಟಿಕೆ ಉಪ್ಪು.

ಹಿಟ್ಟಿಗೆ ಉಪ್ಪು ಬೆರೆಸಿ ಅಗಲ ತಟ್ಟೆಯಲ್ಲಿ ಹರಡಿ. ಕೈಯಲ್ಲಿ ನೀರು ಚಿಮುಕಿಸುತ್ತಾ ಬೆರಳ ತುದಿಯಲ್ಲಿ ಒಂದೇ ದಿಕ್ಕಿಗೆ ತಿರುಗಿಸಿ. ಅರ್ಧ ಲೋಟಕ್ಕಿಂತ ಸ್ವಲ್ಪ ಹೆಚ್ಚು ನೀರು ಹಿಡಿಯಬಹುದು, ಒಟ್ಟಿಗೆ ಸುರಿಯಬೇಡಿ. ಉಂಡೆಯಾದರೆ ಒಣಹಿಟ್ಟು ಉದುರಿಸಿ. ದೊಡ್ಡ ಕಣ್ಣಿನ ಜರಡಿಯಲ್ಲಿ ಹಾಯಿಸಿದರೆ ಕಾಳು ಒಂದೇ ಸಮ ಬರುತ್ತೆ. ಒದ್ದೆಬಟ್ಟೆ ಹಾಸಿದ ಇಡ್ಲಿಪಾತ್ರೆಯಲ್ಲಿ 15 ನಿಮಿಷ ಹಬೆಯಲ್ಲಿಡಿ. ತಟ್ಟೆಗೆ ಸುರಿದು ಬಿಡಿಸಿ, ನೀರು ಚಿಮುಕಿಸಿ, ಮತ್ತೆ 15 ನಿಮಿಷ ಬೇಯಿಸಿ. ಎರಡನೇ ಸಲ ಬೇಯಿಸದಿದ್ದರೆ ನಡುವೆ ಹಸಿ ಉಳಿಯುತ್ತೆ. ಬಿಸಿಯಿರುವಾಗಲೇ ತುಪ್ಪ ಸವರಿ ಬಿಡಿಸಿ ಪೂರ್ತಿ ಆರಲು ಬಿಡಿ. ಮೊಸರು, ಹಾಲು, ಸಕ್ಕರೆ ಕಡೆದು ಬೆರೆಸಿ ಜಾಯಿಕಾಯಿ, ದ್ರಾಕ್ಷಿ ಹಾಕಿ. ಎರಡು ಗಂಟೆ ತಣ್ಣಗಿಟ್ಟರೆ ಕಾಳು ಮೊಸರು ಕುಡಿದು ಕೆನೆಯಂತಾಗುತ್ತೆ. ಗಟ್ಟಿಯಾದರೆ ಇನ್ನಷ್ಟು ಹಾಲು. ಸಜ್ಜೆಯಲ್ಲಿ ಎಣ್ಣೆಯಂಶ ಇರುವುದರಿಂದ ಹಿಟ್ಟು ಬೇಗ ಕಹಿಯಾಗುತ್ತೆ. ಬೇಕಾದಷ್ಟೇ ಬೀಸಿಸಿ.

ಈ ಆಗಸ್ಟಿಗೆ ಅವಳ ಓದು ಮುಗಿಯುತ್ತೆ. ರೂಮು ಖಾಲಿಯಾಗುತ್ತೆ ಅಂತ ಅಟ್ಟದ ಮೇಲಿದ್ದ ಬೋರ್ಡು ಇಳಿಸಿ ಒರೆಸುತ್ತಿದ್ದೆ. ಜಗಲಿಯಿಂದ ಅತ್ತೆ ನೋಡಿ, "ಅದನ್ನ ಯಾಕೆ ಹಾಕ್ತೀಯಾ? ಅವಳನ್ನೇ ಕೇಳು, ಅವರ ಕಡೆಯವರು ಯಾರಾದ್ರೂ ಇದ್ದಾರೇನೋ" ಅಂದರು. ಬೋರ್ಡನ್ನು ಮತ್ತೆ ಅಟ್ಟಕ್ಕೆ ಹಾಕಿದ್ದೇನೆ.